ಅಡ್ಮಿಟ್ ಬಂತು, ಮುಂದೆ?

ನಮ್ಮ ಅಕ್ಕನ ಮಗಳಿಗೆ ಅಮೆರಿಕದ ಯುನಿವರ್ಸಿಟಿಯೊಂದರಲ್ಲಿ ಎಂ.ಎಸ್. ಸೀಟು ಸಿಕ್ಕಿದ ಸಂಜೆ ಮನೆಗೆ ಮೈಸೂರು ಪಾಕು ಬಂತು. ನೆಂಟರ ಫೋನು ಶುರುವಾಯಿತು. ಎಂಬತ್ತು ದಾಟಿದ ನಮ್ಮಮ್ಮ ಮಾತ್ರ ಸಿಹಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು: "ಎಷ್ಟನೇ ರ‍್ಯಾಂಕಂತೆ?"

"ರ‍್ಯಾಂಕ್ ಇಲ್ಲ ಅಜ್ಜಿ. ಅಲ್ಲಿ ಹಾಗೆಲ್ಲ ಕೊಡಲ್ಲ."

"ರ‍್ಯಾಂಕ್ ಇಲ್ದೆ ಸೀಟು ಹೆಂಗೆ ಕೊಟ್ರೇ?"

ಎಲ್ಲರೂ ನಕ್ಕೆವು. ಆದರೆ ರಾತ್ರಿ ಮಲಗಿದಾಗ ಅನ್ನಿಸಿತು, ಇಡೀ ದಿನದಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಅಮ್ಮ ಒಬ್ಬರೇ.

ನಮ್ಮಲ್ಲಿ ಸಿಇಟಿ ಬರೆದರೆ ಒಂದು ನಂಬರ್ ಬರುತ್ತದೆ. ಆ ನಂಬರ್ ಹಿಡಿದು ಆಪ್ಷನ್ ಎಂಟ್ರಿ ಮಾಡುತ್ತೇವೆ. ಕೆಇಎ ಸೀಟು ಕೊಟ್ಟರೆ ಮುಗಿಯಿತು, ಫೀಸು ಕಟ್ಟಿ ಕ್ಲಾಸಿಗೆ ಹೋಗುವುದು. ಅದೇ ಅಭ್ಯಾಸದಲ್ಲಿ ಅಮೆರಿಕದ ಅಡ್ಮಿಟ್ ಪತ್ರವನ್ನೂ ಓದುತ್ತೇವೆ. ಎಡವುವುದು ಅಲ್ಲೇ. ಅಡ್ಮಿಟ್ ಮೊದಲ ಕೌಂಟರ್ ಅಷ್ಟೇ. ಆಮೇಲೆ ಬ್ಯಾಂಕಿನ ಕೌಂಟರ್, ವೀಸಾ ಕೌಂಟರ್, ಕೊನೆಗೆ ಕೆಲಸದ ಕೌಂಟರ್. ನಾಲ್ಕೂ ಕಡೆ ಅದೇ ಹುಡುಗಿಗೆ ಬೇರೆ ಬೇರೆ ಪ್ರಶ್ನೆ. ಒಂದು ಕಡೆ ಮೆಚ್ಚುಗೆ ಗಳಿಸುವ ಉತ್ತರ ಇನ್ನೊಂದು ಕಡೆ ಬಾಗಿಲು ಮುಚ್ಚಿಸುತ್ತದೆ. ಎಂ.ಎಸ್.ಗೆ ಹೋಗುವವರ ಮಟ್ಟಿಗೆ ಹೇಳುವುದಾದರೆ, ಈಗ ನಾಲ್ಕರಲ್ಲಿ ಸುಲಭದ್ದು ಯುನಿವರ್ಸಿಟಿಯದೇ.

ಇದು ಯಾಕೆ ಹೀಗೆ ಅಂತ ನೋಡಲು, ಮೊದಲು ಒಂದು ಗಂಟು ಬಿಡಿಸಬೇಕು. "ಅಮೆರಿಕದಲ್ಲಿ ಓದೋದು" ಅಂತ ನಾವು ಒಂದೇ ಉಸಿರಿನಲ್ಲಿ ಹೇಳುವುದು ಮೂರು ಬೇರೆ ವ್ಯವಹಾರ.

ಪಿಯುಸಿ ಮುಗಿಸಿ ಬ್ಯಾಚುಲರ್ಸ್‌ಗೆ ಹೋಗುವುದು ಒಂದು. ಇಲ್ಲಿ ಸಾವಿರಕ್ಕೂ ಜಾಸ್ತಿ ಕಾಲೇಜುಗಳು ಕಾಮನ್ ಆ್ಯಪ್ ಎಂಬ ಒಂದೇ ಅರ್ಜಿಯನ್ನು ಒಪ್ಪುತ್ತವೆ. ಹೆಚ್ಚೆಂದರೆ 650 ಪದದ ಒಂದು ಪ್ರಬಂಧ, ಶಾಲೆಯ ಅಂಕ, ಶಿಕ್ಷಕರ ಪತ್ರ. ಕೆಲವರು ಎಸ್ಎಟಿ ಎಂಬ ಪರೀಕ್ಷೆಯ ಅಂಕ ಕೇಳುತ್ತಾರೆ, ಕೆಲವರು ಕೇಳುವುದಿಲ್ಲ. ಕೊರೋನಾ ಕಾಲದಲ್ಲಿ ಬಿಟ್ಟಿದ್ದ ಎಸ್ಎಟಿಯನ್ನು ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು, 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್‌ಗಳೂ ಅದೇ ದಾರಿ ಹಿಡಿದವು. ಕ್ಯಾಲಿಫೋರ್ನಿಯಾ ಯುನಿವರ್ಸಿಟಿಯ ಕ್ಯಾಂಪಸ್‌ಗಳು ಮಾತ್ರ ಕೊಟ್ಟರೂ ನೋಡುವುದಿಲ್ಲ ಅನ್ನುತ್ತವೆ. ಇದರಲ್ಲಿ ನಮ್ಮವರಿಗೆ ಹೆಚ್ಚು ಗೊತ್ತಿಲ್ಲದ ಸಂಗತಿ ದುಡ್ಡಿನದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಆ್ಯಮ್‌ಹರ್ಸ್ಟ್‌ನಂಥ ಬೆರಳೆಣಿಕೆಯ ಕಾಲೇಜುಗಳು ವಿದೇಶಿ ಮಕ್ಕಳ ವಿಷಯದಲ್ಲೂ ಮನೆಯ ಆದಾಯ ನೋಡದೆ ಸೀಟು ಕೊಡುತ್ತವೆ. ಕೊಟ್ಟ ಮೇಲೆ ಆ ಮನೆಯಿಂದ ಕೊಡಲಾಗದ ಹಣವನ್ನು ತಾವೇ ತುಂಬುತ್ತವೆ. ಅಲ್ಲಿ ಸೀಟು ಸಿಕ್ಕ ಬಡ ಮನೆಯ ಮಗುವಿಗೆ ಇಲ್ಲಿನ ಖಾಸಗಿ ಮೆಡಿಕಲ್ ಸೀಟಿಗಿಂತ ಅದು ಎಷ್ಟೋ ಅಗ್ಗ. ಸಿಗುವುದು ತೀರಾ ಕಷ್ಟ, ಅದು ಬೇರೆ ಮಾತು. ಉಳಿದ ಬಹುತೇಕ ಕಾಲೇಜುಗಳಲ್ಲಿ "ನನಗೆ ನೆರವು ಬೇಕು" ಅಂತ ಟಿಕ್ ಮಾಡಿದ ಕೂಡಲೇ ಅವಕಾಶ ಕಡಿಮೆಯಾಗುತ್ತದೆ.

ಎರಡನೆಯದು ಪಿಎಚ್.ಡಿ. ಇಲ್ಲಿ ಅವರೇ ನಿಮಗೆ ದುಡ್ಡು ಕೊಡುತ್ತಾರೆ. ಫೀಸು ಮಾಫಿ, ಜೊತೆಗೆ ಪಾಠ ಹೇಳಿದ್ದಕ್ಕೋ ಲ್ಯಾಬ್‌ನಲ್ಲಿ ದುಡಿದದ್ದಕ್ಕೋ ತಿಂಗಳ ಸ್ಟೈಪೆಂಡ್. ಕವಿ ಎ.ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾ ಯುನಿವರ್ಸಿಟಿಗೆ ಹೋದದ್ದು ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ನೆರವಿನಲ್ಲಿ; ಅಲ್ಲೇ ಭಾಷಾಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದರು. ಖರ್ಚು ಬೇರೆ ಯಾರದೋ ಆಗಿದ್ದ ಆ ದಾರಿ ಇಂದಿಗೂ ಇದೆ, ಆದರೆ ಕಿರಿದಾಗುತ್ತಿದೆ. 2025ರಲ್ಲಿ ಅಮೆರಿಕ ಸರ್ಕಾರ ಸಂಶೋಧನೆಯ ಅನುದಾನಕ್ಕೆ ಕತ್ತರಿ ಹಾಕಲು ಹೊರಟಾಗ ಮೊದಲು ನಡುಗಿದ್ದು ಈ ಸೀಟುಗಳೇ. ಮ್ಯಾಸಚೂಸೆಟ್ಸ್‌ನ ಯುಮಾಸ್ ಚಾನ್ ಮೆಡಿಕಲ್ ಸ್ಕೂಲ್ ಆಗಲೇ ಕೊಟ್ಟಿದ್ದ ಪಿಎಚ್.ಡಿ. ಆಫರ್‌ಗಳನ್ನು ಮಾರ್ಚ್‌ನಲ್ಲಿ ವಾಪಸ್ ತೆಗೆದುಕೊಂಡಿತು.

ಮೂರನೆಯದು ನಮ್ಮ ಎಂಜಿನಿಯರಿಂಗ್ ಹುಡುಗ ಹುಡುಗಿಯರು ಹೆಚ್ಚಾಗಿ ಹೋಗುವ ಎಂ.ಎಸ್. ಇಲ್ಲಿ ದುಡ್ಡು ಪೂರ್ತಿ ನಿಮ್ಮದು. 2008ರ ಆರ್ಥಿಕ ಕುಸಿತದ ನಂತರ ಅಮೆರಿಕದ ಎಷ್ಟೋ ರಾಜ್ಯಗಳು ತಮ್ಮ ಸರ್ಕಾರಿ ಯುನಿವರ್ಸಿಟಿಗಳಿಗೆ ಕೊಡುವ ಹಣ ಇಳಿಸಿದವು. ಆ ತೂತು ಮುಚ್ಚಿದ್ದು ಹೊರ ರಾಜ್ಯ ಮತ್ತು ಹೊರ ದೇಶದ ಮಕ್ಕಳ ಫೀಸು. ಒಂದೂವರೆ ಎರಡು ವರ್ಷದ ಮಾಸ್ಟರ್ಸ್ ಕೋರ್ಸು ಅವರಿಗೆ ಆದಾಯದ ಮೂಲ. ಹಾಗಂತ ಓದು ಕೆಟ್ಟದ್ದು ಅಂತಲ್ಲ, ಒಳ್ಳೆಯದೇ ಇರುತ್ತದೆ. ಆದರೆ ಮಧ್ಯಮ ದರ್ಜೆಯ ಯುನಿವರ್ಸಿಟಿಯಿಂದ ಬರುವ ಎಂ.ಎಸ್. ಅಡ್ಮಿಟ್ ಅರ್ಧ ಮೆಚ್ಚುಗೆ, ಅರ್ಧ ಬಿಲ್ಲು. ರ‍್ಯಾಂಕ್ ಇಲ್ಲದೆ ಸೀಟು ಹೆಂಗೆ ಕೊಟ್ರು ಅಂತ ಕೇಳಿದ ಅಮ್ಮನಿಗೆ ಒಂದು ಉತ್ತರ ಇದು.

ಇನ್ನೊಂದು ಉತ್ತರ ಸ್ವಲ್ಪ ಹಳೆಯದು, ಮತ್ತು ಅಷ್ಟು ಚೆನ್ನಾಗಿಲ್ಲ. ನೂರು ವರ್ಷದ ಹಿಂದೆ ಹಾರ್ವರ್ಡ್‌ನಂಥ ಕಡೆಯೂ ಪ್ರವೇಶ ಹೆಚ್ಚು ಕಡಿಮೆ ಪರೀಕ್ಷೆಯ ಮೇಲೆಯೇ ನಡೆಯುತ್ತಿತ್ತು. ಹಾಗೆ ತೆಗೆದುಕೊಂಡಾಗ ಯಹೂದಿ ಹುಡುಗರ ಸಂಖ್ಯೆ ಏರತೊಡಗಿತು. 1920ರ ದಶಕದಲ್ಲಿ ಹಾರ್ವರ್ಡ್‌ನ ಅಧ್ಯಕ್ಷ ಲಾರೆನ್ಸ್ ಲೋವೆಲ್ ಅದಕ್ಕೆ ಮಿತಿ ಹಾಕಲು ನೋಡಿದರು. ನೇರವಾಗಿ ಕೋಟಾ ಹಾಕುವುದಕ್ಕೆ ವಿರೋಧ ಬಂತು. ಆಗ ಫೋಟೋ, ಶಿಫಾರಸು ಪತ್ರ, "ಗುಣನಡತೆ" ಇವೆಲ್ಲ ತೂಕಕ್ಕೆ ಬಂದವು. ಅಂಕಪಟ್ಟಿ ಹೇಳದ್ದನ್ನು ಇವು ಹೇಳುತ್ತವೆ ಅನ್ನುವುದು ವಾದ. ಬೇಡದವರನ್ನು ಸದ್ದಿಲ್ಲದೆ ಹೊರಗಿಡಬಹುದು ಅನ್ನುವುದು ಒಳಗುಟ್ಟು. ಆಮೇಲೆ ಅದೇ ಪದ್ಧತಿ ತಲೆಕೆಳಗಾಗಿ, ಹಿಂದುಳಿದವರನ್ನು ಒಳಗೆ ತರುವ ದಾರಿಯೂ ಆಯಿತು. 2023ರ ಜೂನ್ 29ರಂದು ಅಲ್ಲಿನ ಸುಪ್ರೀಂ ಕೋರ್ಟ್ ಜನಾಂಗ ನೋಡಿ ಸೀಟು ಕೊಡುವುದನ್ನು ನಿಲ್ಲಿಸಿತು. ಪ್ರಬಂಧ, ಪತ್ರ ಮಾತ್ರ ಉಳಿದಿವೆ. ನಮ್ಮ ಮಕ್ಕಳು ಅರ್ಜಿ ತುಂಬಲು ಕೂತಾಗ ಮೊದಲು ಒದ್ದಾಡುವುದೂ ಅವುಗಳ ಜೊತೆಗೇ.

ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ

ಎಂ.ಎಸ್. ಅರ್ಜಿಯ ಜೊತೆ ಒಂದೆರಡು ಪುಟದ ಎಸ್ಒಪಿ ಕೊಡಬೇಕು. ನಾನು ಏನು ಓದಿದೆ, ಮುಂದೆ ಏನು ಓದಬೇಕು, ಯಾಕೆ ನಿಮ್ಮಲ್ಲೇ ಅನ್ನುವ ಬರಹ. ನೆಂಟರ, ಪರಿಚಯದವರ ಮಕ್ಕಳದ್ದು ಅಂತ ಸುಮಾರು ಎಸ್ಒಪಿ ಓದಿ ತಿದ್ದಿದ್ದೇನೆ. ಹತ್ತರಲ್ಲಿ ಏಳು ಒಂದೇ ಥರ ಶುರುವಾಗುತ್ತವೆ: ಚಿಕ್ಕಂದಿನಿಂದಲೂ ನನಗೆ ಕಂಪ್ಯೂಟರ್ ಅಂದರೆ ಎಲ್ಲಿಲ್ಲದ ಆಸಕ್ತಿ. ಕೊನೆಯಾಗುವುದೂ ಒಂದೇ ಥರ, ನಿಮ್ಮ ಹೆಸರಾಂತ ಸಂಸ್ಥೆಯಲ್ಲಿ ಓದುವುದು ನನ್ನ ಕನಸು ಅಂತ.

ತಪ್ಪು ಮಕ್ಕಳದ್ದಲ್ಲ. ಶಾಲೆಯಲ್ಲಿ ಪ್ರಬಂಧ ಅಂದರೆ ನಮಗೆ ಕಲಿಸಿದ್ದು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಗ್ರಂಥಾಲಯದ ಮಹತ್ವ, ಸ್ವಚ್ಛತೆಯ ಮಹತ್ವ. ಹತ್ತು ವರ್ಷ ಬರೆದ ಪ್ರಬಂಧಗಳಲ್ಲಿ "ನಾನು" ಅನ್ನುವ ಪದ ಎಷ್ಟು ಸಲ ಬಂದಿದ್ದೀತು? ಮನೆಯಲ್ಲೂ ಅಷ್ಟೇ. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವವನನ್ನು ಜಂಬದ ಕೋಳಿ ಅಂತೀವಿ. ಇಪ್ಪತ್ತೊಂದು ವರ್ಷ ಹೀಗೆ ಬೆಳೆಸಿ, ಇದ್ದಕ್ಕಿದ್ದಂತೆ "ನಿನ್ನ ಬಗ್ಗೆ ಎರಡು ಪುಟ ಬರಿ" ಅಂದರೆ ಹುಡುಗಿ ಏನು ಬರೆದಾಳು?

ಅಕ್ಕನ ಮಗಳ ಮೊದಲ ಡ್ರಾಫ್ಟ್ ಕೂಡ ಹಾಗೇ ಇತ್ತು. ಮಷಿನ್ ಲರ್ನಿಂಗ್ ಜಗತ್ತನ್ನು ಬದಲಿಸುತ್ತಿದೆ, ಇತ್ಯಾದಿ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಕೊಟ್ಟದ್ದು ಅರ್ಧ ವಾಕ್ಯ. ಏನದು ಅಂತ ಕೇಳಿದೆ. ಅಡಿಕೆ ವಿಂಗಡಿಸುವ ಕ್ಯಾಮೆರಾ, ಸುಮ್ನೆ ಕಾಲೇಜಿಗೆ ಮಾಡಿದ್ದು ಮಾಮ, ಅಂದಳು. ಬಿಡಿಸಿ ಕೇಳುತ್ತಾ ಹೋದರೆ ಕಥೆಯೇ ಬೇರೆ. ಸಾಗರದ ಹತ್ತಿರ ಭಾವನವರದು ಅಡಿಕೆ ತೋಟ. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ದರ್ಜೆಗಳನ್ನು ಬೇರೆ ಮಾಡುವುದನ್ನು ಇವಳು ಹುಟ್ಟಿದಾಗಿನಿಂದ ನೋಡಿದ್ದಾಳೆ. ಕಾಲೇಜಿನ ಲ್ಯಾಬ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿದ ಮಾಡೆಲ್ ಮನೆಯ ತಗಡಿನ ಶೆಡ್ಡಿಗೆ ಬಂದ ಕೂಡಲೇ ಬೆಟ್ಟೆಯನ್ನು ರಾಶಿ ಅನ್ನತೊಡಗಿತಂತೆ. ಮೂರು ವಾರ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಶೆಡ್ಡಿನ ಹಳದಿ ಬಲ್ಬಿನ ಕೆಳಗೆ ಎರಡರ ಬಣ್ಣವೂ ಒಂದೇ ಥರ ಕಾಣುತ್ತದೆ. ಆಮೇಲೆ ಬಣ್ಣ ಬಿಟ್ಟು ಆಕಾರ ನೋಡುವಂತೆ ಬದಲಿಸಿದಳು. ಅಷ್ಟಾದರೂ ಗೊರಬಲು ಕೈಕೊಡುತ್ತಲೇ ಇತ್ತು.

ಅರ್ಜಿ ಓದುವ ಪ್ರೊಫೆಸರ್‌ಗೆ ಬೇಕಾದದ್ದು ಇದೇ. ಕೆಲಸ ಎಲ್ಲಿ ಕೆಟ್ಟಿತು, ಆಗ ನೀನು ಏನು ಮಾಡಿದೆ, ಇನ್ನೂ ಏನು ಬಗೆಹರಿದಿಲ್ಲ. ಬಗೆಹರಿಯದ್ದನ್ನು ಬರೆಯಲು ಅವಳಿಗೆ ಎಲ್ಲಿಲ್ಲದ ಹಿಂಜರಿಕೆ, "ಸೋತೆ ಅಂತ ಹೇಳ್ಕೊಂಡ ಹಾಗಾಗುತ್ತೆ ಅಲ್ವಾ?" ಅಂತ. ಈಗ ಚಾಟ್‌ಜಿಪಿಟಿಗೆ ಕೊಟ್ಟರೆ ಎರಡು ನಿಮಿಷದಲ್ಲಿ ಎಸ್ಒಪಿ ಬರುತ್ತದೆ, ಇಂಗ್ಲಿಷೂ ಚೆನ್ನಾಗಿರುತ್ತದೆ. ಎಲ್ಲರ ಇಂಗ್ಲಿಷೂ ಒಂದೇ ಸಮ ಚೆನ್ನಾಗಿರುವಾಗ ಓದುವವರ ಕಣ್ಣಿಗೆ ಬೀಳುವುದು ಶೆಡ್ಡಿನ ಬಲ್ಬು ಮಾತ್ರ.

ಶಿಫಾರಸು ಪತ್ರದ್ದು ಇದಕ್ಕಿಂತ ದೊಡ್ಡ ತಮಾಷೆ. ಎಲ್ಒಆರ್ ಬೇಕು ಸರ್ ಅಂತ ಹೋದರೆ ನಮ್ಮ ಮೇಷ್ಟ್ರುಗಳು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ನೀನೇ ಬರ್ಕೊಂಡು ಬಾರಪ್ಪ, ನೋಡಿ ಕಳಿಸ್ತೀನಿ." ಅವರನ್ನೂ ಬೈಯುವಂತಿಲ್ಲ. ಅರವತ್ತು ಮಕ್ಕಳ ಮೂರು ಸೆಕ್ಷನ್, ಇಂಟರ್ನಲ್ಸು, ನ್ಯಾಕ್ ಕೆಲಸ. ಯಾರು ಏನು ಮಾಡಿದರು ಅಂತ ನೆನಪಿರುವುದೇ ಕಷ್ಟ. ಆದರೆ ಅಮೆರಿಕದ ಪೋರ್ಟಲ್‌ನಲ್ಲಿ ಒಂದು ಚೌಕ ಇರುತ್ತದೆ. ಅಲ್ಲಿನ 1974ರ ಕಾನೂನಿನ ಪ್ರಕಾರ ಯುನಿವರ್ಸಿಟಿಗೆ ಸೇರಿದ ಮೇಲೆ ವಿದ್ಯಾರ್ಥಿ ತನ್ನ ದಾಖಲೆ ನೋಡಬಹುದು. ಈ ಪತ್ರ ನೋಡುವ ಹಕ್ಕನ್ನು ನೀನಾಗಿಯೇ ಬಿಟ್ಟುಕೊಡುತ್ತೀಯಾ ಅಂತ ಆ ಚೌಕ ಕೇಳುತ್ತದೆ. ಬಿಟ್ಟುಕೊಟ್ಟರೆ ಪತ್ರಕ್ಕೆ ಬೆಲೆ ಜಾಸ್ತಿ. ಹಿಂದಿನ ರಾತ್ರಿ ತಾನೇ ಕೂತು ಬರೆದ ಪತ್ರವನ್ನು ಮುಂದೆ ನೋಡುವುದಿಲ್ಲ ಅಂತ ನಮ್ಮ ಹುಡುಗ ಟಿಕ್ ಹಾಕುತ್ತಾನೆ!

ನಗು ಬಂದರೂ ಇದರಲ್ಲಿ ನಷ್ಟ ಇದೆ. ಮೂರು ಪತ್ರ ಮೂವರ ಹೆಸರಿನಲ್ಲಿ ಹೋಗುತ್ತವೆ, ಮೂರರಲ್ಲೂ ಒಂದೇ ದನಿ, ಒಂದೇ ಹೊಗಳಿಕೆ. ಓದಿ ಓದಿ ಪಳಗಿದವರಿಗೆ ಅದು ಮೊದಲ ಪ್ಯಾರಾದಲ್ಲೇ ಗೊತ್ತಾಗುತ್ತದೆ. ನಾವು ಮಾಡಿದ್ದು ಬೇರೆ. ಮೇಷ್ಟ್ರಿಗೆ ಪತ್ರ ಬರೆದುಕೊಡದೆ, ಯಾವ ಸೆಮಿಸ್ಟರ್‌ನಲ್ಲಿ ಯಾವ ಪೇಪರ್, ಪ್ರಾಜೆಕ್ಟ್‌ನಲ್ಲಿ ಏನಾಯಿತು, ಅವರೇ ಆಗ ಏನು ಹೇಳಿದ್ದರು ಅಂತ ಒಂದು ಪುಟದ ಟಿಪ್ಪಣಿ ಕೊಟ್ಟೆವು. ಮೂವರಲ್ಲಿ ಇಬ್ಬರು ಸ್ವಂತ ಬರೆದರು. ಒಬ್ಬರದ್ದು ಎಂಟೇ ಸಾಲು. ಇರಲಿ, ಎಂಟು ಸಾಲೂ ಅವರದ್ದೇ.

ಇಲ್ಲಿ ಕರ್ನಾಟಕಕ್ಕೇ ಸೇರಿದ ಒಂದು ತೊಡಕು ಹೇಳಲೇಬೇಕು. ಬಿ.ಇ. ನಾಲ್ಕು ವರ್ಷ, ತಕರಾರಿಲ್ಲ. ಬಿ.ಎಸ್ಸಿ., ಬಿ.ಕಾಂ., ಬಿ.ಎ. ಮಾಡಿದವರ ಪಾಡು ಬೇರೆ. ಅಮೆರಿಕದ ಬಹಳಷ್ಟು ಮಾಸ್ಟರ್ಸ್ ಕೋರ್ಸುಗಳು ಒಟ್ಟು 16 ವರ್ಷದ ಓದು ಕೇಳುತ್ತವೆ. ನಮ್ಮ ಮೂರು ವರ್ಷದ ಡಿಗ್ರಿ ಸೇರಿದರೆ ಆಗುವುದು 15. 2021-22ರಲ್ಲಿ ರಾಜ್ಯ ಸರ್ಕಾರ ಹೊಸ ರಾಷ್ಟ್ರೀಯ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ತಂದಾಗ ಈ ಗೋಡೆ ಬಿತ್ತು ಅಂದುಕೊಂಡವರಿದ್ದರು. ಸರ್ಕಾರ ಬದಲಾಯಿತು, 2024-25ರಿಂದ ಮತ್ತೆ ಮೂರು ವರ್ಷ. ಮೂರು ವರ್ಷವೇ ಸಾಕು ಅನ್ನಲು ಕಾರಣಗಳಿದ್ದವು. ಬಡ ಮನೆಯ ಮಗುವಿಗೆ ನಾಲ್ಕನೇ ವರ್ಷ ಅಂದರೆ ಒಂದು ವರ್ಷದ ಸಂಬಳ ಖೋತಾ. ಆದರೆ ಒಂದೇ ಕಾಲೇಜಿನ ಎರಡು ಬ್ಯಾಚಿನವರು ಈಗ ಹೊರದೇಶದ ಅರ್ಜಿಯಲ್ಲಿ ಬೇರೆ ಬೇರೆ ಲೆಕ್ಕಕ್ಕೆ ಬರುತ್ತಾರೆ. ಮೂರು ವರ್ಷದ ಡಿಗ್ರಿಯನ್ನು ಒಪ್ಪುವ ಯುನಿವರ್ಸಿಟಿಗಳೂ ಇವೆ. ಅರ್ಜಿ ಶುಲ್ಕ ಕಟ್ಟುವ ಮೊದಲೇ ಇಮೇಲ್ ಹಾಕಿ ಕೇಳುವುದು ಒಳ್ಳೆಯದು. ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ.

ಅಂದ ಹಾಗೆ, ಹತ್ತಕ್ಕೆ ಇರುವ ಸಿಜಿಪಿಎಯನ್ನು ನೀವೇ ನಾಲ್ಕರ ಲೆಕ್ಕಕ್ಕೆ ಇಳಿಸಿ ಹಾಕಬೇಡಿ. ಕಾಲೇಜು ಕೊಟ್ಟದ್ದನ್ನು ಇದ್ದ ಹಾಗೇ ಕೊಡಿ, ಲೆಕ್ಕ ಅವರು ನೋಡಿಕೊಳ್ಳುತ್ತಾರೆ.

ಕನ್ಸಲ್ಟೆನ್ಸಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೀದಿಗೊಂದಿವೆ. "ಎಲ್ಲಾ ಫ್ರೀ" ಅನ್ನುವವರಿಗೆ ದುಡ್ಡು ಬರುವುದು ಯುನಿವರ್ಸಿಟಿಯಿಂದ, ನೀವು ಸೇರಿದ ಮೇಲೆ ಕಮಿಷನ್ ರೂಪದಲ್ಲಿ. ಆದ್ದರಿಂದ ಅವರ ಪಟ್ಟಿಯಲ್ಲಿ ಇರುವುದು ಕಮಿಷನ್ ಕೊಡುವ ಯುನಿವರ್ಸಿಟಿಗಳು. ಪಟ್ಟಿಯಲ್ಲಿ ಇಲ್ಲದ ಒಂದು ಹೆಸರು ಹೇಳಿ ನೋಡಿ, ಅವರ ಮುಖ ನೋಡಿದರೆ ಗೊತ್ತಾಗುತ್ತದೆ. ಅಮೆರಿಕ ಸರ್ಕಾರದ್ದೇ ಎಜುಕೇಷನ್ ಯುಎಸ್ಎ ಎಂಬ ಸಲಹಾ ಜಾಲ ಇದೆ, ಮಾಹಿತಿಗೆ ದುಡ್ಡು ಕೇಳುವುದಿಲ್ಲ. ಕ್ಲಾಸಿಗೆ ಹೋಗೋದೇ ಬೇಡ, ಮೊದಲ ದಿನದಿಂದಲೇ ಕೆಲಸ ಮಾಡಬಹುದು ಅಂತ ಯಾರಾದರೂ ಆಸೆ ತೋರಿಸಿದರೆ 2019ರ ಫಾರ್ಮಿಂಗ್ಟನ್ ಪ್ರಕರಣ ನೆನಪಿಸಿಕೊಳ್ಳಿ. ಮಿಶಿಗನ್‌ನಲ್ಲಿದ್ದ ಆ "ಯುನಿವರ್ಸಿಟಿ"ಯನ್ನು ನಡೆಸುತ್ತಿದ್ದದ್ದು ಅಮೆರಿಕದ ವಲಸೆ ಪೊಲೀಸರೇ, ಬಲೆ ಬೀಸಲು. ಸಿಕ್ಕಿಬಿದ್ದವರು ಬಹುಪಾಲು ನಮ್ಮ ದೇಶದವರು.

ಖಾತಾ, ರೂಪಾಯಿ, ಇಎಂಐ

ಅಡ್ಮಿಟ್ ಬಂದ ಮೇಲೆ ಐ-20 ಎಂಬ ಕಾಗದ ಬೇಕು. ಅದಿಲ್ಲದೆ ವೀಸಾಕ್ಕೆ ಅರ್ಜಿ ಹಾಕುವಂತಿಲ್ಲ. ಅದನ್ನು ಕೊಡಲು ಯುನಿವರ್ಸಿಟಿ ಕೇಳುವುದು ಮೊದಲ ವರ್ಷದ ಖರ್ಚಿಗೆ ದುಡ್ಡು ಇದೆ ಅನ್ನುವ ಪುರಾವೆ. ವರ್ಷಕ್ಕೆ ಫೀಸು 30 ಸಾವಿರ ಡಾಲರ್, ಇರಲು ತಿನ್ನಲು 18 ಸಾವಿರ ಅಂತ ಇಟ್ಟುಕೊಳ್ಳಿ. ಒಟ್ಟು 48 ಸಾವಿರ. 2022ರ ಶುರುವಿನಲ್ಲಿ ಡಾಲರ್‌ಗೆ ಸುಮಾರು 75 ರೂಪಾಯಿ ಇತ್ತು, ಆಗ ಇದು 36 ಲಕ್ಷ. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ದಾಟಿತು, ಈಗ 43 ಲಕ್ಷದ ಮೇಲೆ. ಅಲ್ಲಿ ಫೀಸು ಒಂದು ಸೆಂಟ್ ಏರದಿದ್ದರೂ ಇಲ್ಲಿ ಏಳು ಲಕ್ಷ ಏರಿತು.

ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಅಡಮಾನ ಕೇಳುತ್ತವೆ. ನಮ್ಮ ಭಾವನವರಿಗೆ ಐದು ಎಕರೆ ಅಡಿಕೆ ತೋಟ ಇದೆ, ಊರಿನ ಲೆಕ್ಕದಲ್ಲಿ ಶ್ರೀಮಂತರು. ಓದಿನ ಸಾಲಕ್ಕೆ ಕೃಷಿ ಭೂಮಿ ಬೇಡ ಅಂತ ಬ್ಯಾಂಕಿನವರು. ಉಳಿದದ್ದು ಶಿವಮೊಗ್ಗದಲ್ಲಿ ಎಂದೋ ತೆಗೆದುಕೊಂಡಿದ್ದ ಒಂದು ಸೈಟು. ಬೆಂಗಳೂರಿನಲ್ಲಿ ಬಿ-ಖಾತಾ ಮನೆ ಇಟ್ಟುಕೊಂಡವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಕೋಟಿ ಬೆಲೆಯ ಮನೆ ಇರುತ್ತದೆ, ಬ್ಯಾಂಕಿನ ವಕೀಲರು ಕಾಗದ ನೋಡಿ ತಲೆ ಅಲ್ಲಾಡಿಸುತ್ತಾರೆ. ಅಡಮಾನ ಇಲ್ಲದೆ ಕೊಡುವ ಖಾಸಗಿ ಫೈನಾನ್ಸ್ ಕಂಪನಿಗಳಿವೆ. ಬಡ್ಡಿ ಜಾಸ್ತಿ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ರಾಜ್ಯದ ಪ್ರಬುದ್ಧ ಯೋಜನೆಯಂಥ ನೆರವೂ ಇದೆ, ಗೊತ್ತಿರುವವರು ಕಡಿಮೆ. ಕೆಲವರು ಇನ್ನೊಂದು ದಾರಿ ಹಿಡಿಯುತ್ತಾರೆ. ಚಿಕ್ಕಪ್ಪನಿಂದ, ಸೋದರಮಾವನಿಂದ ತಿಂಗಳ ಮಟ್ಟಿಗೆ ದುಡ್ಡು ತಂದು ಅಕೌಂಟಿನಲ್ಲಿ "ತೋರಿಸಿ" ವಾಪಸ್ ಕೊಡುವುದು. ಐ-20 ಬರುತ್ತದೆ ನಿಜ. ಮೂರು ತಿಂಗಳು ಕಳೆದು ವೀಸಾ ಅಧಿಕಾರಿ ಅದೇ ದುಡ್ಡಿನ ಬಗ್ಗೆ ಕೇಳಿದಾಗ ನಾಲಿಗೆ ತೊದಲುತ್ತದೆ.

ನಾನು ಮನೆಯಲ್ಲಿ ಪಟ್ಟು ಹಿಡಿದು ಮಾಡಿಸಿದ್ದು ಒಂದು ಲೆಕ್ಕ. 40 ಲಕ್ಷ ಸಾಲ, ಹತ್ತೂವರೆ ಪರ್ಸೆಂಟ್ ಬಡ್ಡಿ, ಹತ್ತು ವರ್ಷ. ತಿಂಗಳ ಕಂತು ಸುಮಾರು 54 ಸಾವಿರ ರೂಪಾಯಿ. ಓದುವಾಗ ಏರಿದ ಬಡ್ಡಿ ಬೇರೆ. ಅಲ್ಲೇ ಕೆಲಸ ಸಿಕ್ಕಿದರೆ ಇದು ಹೊರೆಯೇ ಅಲ್ಲ. ಆದರೆ ಎರಡು ವರ್ಷಕ್ಕೆ ವಾಪಸ್ ಬಂದು ಬೆಂಗಳೂರಿನಲ್ಲಿ ವರ್ಷಕ್ಕೆ ಹತ್ತು ಲಕ್ಷದ ಕೆಲಸಕ್ಕೆ ಸೇರಿದರೆ? ಕೈಗೆ ಬರುವ ಸಂಬಳದಲ್ಲಿ ಮುಕ್ಕಾಲು ಪಾಲು ಬ್ಯಾಂಕಿಗೆ. ಪಿಜಿ ಬಾಡಿಗೆ ಅಪ್ಪನೇ ಕೊಡಬೇಕು. ಈ ಲೆಕ್ಕ ಹಾಕಿದ ದಿನ ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಳು. ಒಳ್ಳೇ ಸುದ್ದಿ ಬಂದಾಗ ಅಪಶಕುನ ನುಡಿದೆ ಅಂತ ಅವಳ ಕೋಪ.

ಮೂರು ನಿಮಿಷದ ಕೌಂಟರ್

2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆದಾಗ ಸುಮಾರು ಮಂದಿ ಇನ್ನು ಚೆನ್ನೈ ಅಲೆದಾಟ ತಪ್ಪಿತು ಅಂದುಕೊಂಡರು. ಉದ್ಘಾಟನೆಯ ದಿನವೇ ಅವರು ಹೇಳಿದ್ದರು, ವೀಸಾ ಸೇವೆ ಈಗಲೇ ಇಲ್ಲ ಅಂತ. ಹಾಗಾಗಿ ರಾತ್ರಿ ಬಸ್ಸು, ಚೆನ್ನೈ ಅಥವಾ ಹೈದರಾಬಾದ್, ಬೆಳಿಗ್ಗೆ ಕ್ಯೂ. ಸಂದರ್ಶನ ಮುಗಿಯುವುದು ಎರಡು ಮೂರು ನಿಮಿಷದಲ್ಲಿ.

ಆ ಮೂರು ನಿಮಿಷದ ಹಿಂದೆ ಇರುವುದು 1952ರ ವಲಸೆ ಕಾನೂನಿನ 214(ಬಿ) ಕಲಂ. ನಿಮ್ಮ ಮಗಳು ಅಲ್ಲೇ ನೆಲೆಸಲು ಹೊರಟಿದ್ದಾಳೆ ಅಂತಲೇ ಅಧಿಕಾರಿ ಅಂದುಕೊಳ್ಳಬೇಕು. ಅಲ್ಲ ಅಂತ ತೋರಿಸಿಕೊಡುವುದು ಅವಳ ಕೆಲಸ. ಈಗ ನೋಡಿ. ಎಸ್ಒಪಿಯಲ್ಲಿ ಅವಳು ಬರೆದಿದ್ದು, ಓದಿದ ಮೇಲೆ ನಿಮ್ಮ ಊರಿನ ಕಂಪನಿಗಳಲ್ಲಿ ಅನುಭವ ಪಡೆಯುತ್ತೇನೆ ಅಂತ. ಬ್ಯಾಂಕಿನವರಿಗೆ ಹೇಳಿದ್ದು, ಡಾಲರ್‌ನಲ್ಲಿ ದುಡಿದು ಸಾಲ ತೀರಿಸುತ್ತೇನೆ ಅಂತ. ಈ ಕೌಂಟರ್‌ನಲ್ಲಿ ಹೇಳಬೇಕಾದ್ದು, ಓದು ಮುಗಿಸಿ ಊರಿಗೆ ಬರುತ್ತೇನೆ ಅಂತ. ಮೂರೂ ಸುಳ್ಳಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಮೂರೂ ಆಸೆ ಒಟ್ಟಿಗೇ ಇರಬಹುದು. ಆದರೆ 40 ಲಕ್ಷ ಸಾಲದ ಪತ್ರವನ್ನೇ ಫೈಲಿನಲ್ಲಿ ಇಟ್ಟುಕೊಂಡು "ವಾಪಸ್ ಬರ್ತೀನಿ" ಅಂದರೆ ಯಾರು ನಂಬಬೇಕು? ಲೆಕ್ಕ ಬರುವ ಯಾವ ಅಧಿಕಾರಿಗೂ ಅನುಮಾನ ಬಂದೇ ಬರುತ್ತದೆ. ಅದನ್ನು ಹುಟ್ಟಿಸಿದ್ದು ಹುಡುಗಿಯ ಮನಸ್ಸಲ್ಲ, ಆ ವ್ಯವಸ್ಥೆಯ ಬೆಲೆಪಟ್ಟಿ. 2023-24ರಲ್ಲಿ ಜಗತ್ತಿನ ಎಲ್ಲ ಕಡೆಯಿಂದ ಬಂದ ಎಫ್-1 ವಿದ್ಯಾರ್ಥಿ ವೀಸಾ ಅರ್ಜಿಗಳಲ್ಲಿ ಶೇ 41ರಷ್ಟು ತಿರಸ್ಕಾರವಾದವು. ಇದು ಅಲ್ಲಿ ಈಗಿನ ಟ್ರಂಪ್ ಸರ್ಕಾರ ಬರುವ ಮೊದಲಿನ ಸಂಖ್ಯೆ, ನೆನಪಿರಲಿ.

ಆಮೇಲೆ ಬಂತು 2025. ಏಪ್ರಿಲ್‌ನಲ್ಲಿ ಆಗಲೇ ಅಲ್ಲಿ ಓದುತ್ತಿದ್ದ ಸಾವಿರಾರು ಮಕ್ಕಳ ದಾಖಲೆಗಳು ಸರ್ಕಾರದ ಕಂಪ್ಯೂಟರ್‌ನಲ್ಲಿ ರದ್ದಾದವು. ಕೆಲವರದ್ದು ಟ್ರಾಫಿಕ್ ತಪ್ಪಿನಷ್ಟೇ ಹಳೆಯ ಸಣ್ಣ ಕೇಸು. ಕೋರ್ಟುಗಳು ಗದರಿದ ಮೇಲೆ ವಾಪಸ್ ಹಾಕಿದರು. ಮೇ 27ರಿಂದ ಹೊಸ ವಿದ್ಯಾರ್ಥಿ ಸಂದರ್ಶನದ ದಿನಾಂಕ ಕೊಡುವುದನ್ನೇ ನಿಲ್ಲಿಸಿದರು. ಜೂನ್ 18ಕ್ಕೆ ಮತ್ತೆ ಶುರುವಾಯಿತು, ಸೋಷಿಯಲ್ ಮೀಡಿಯಾ ಖಾತೆ ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು ಅನ್ನುವ ಷರತ್ತಿನ ಜೊತೆ. ಮೂರೇ ವಾರ ಅಲ್ವಾ ಅನ್ನಬಹುದು. ಆಗಸ್ಟ್‌ನಲ್ಲಿ ಕ್ಲಾಸು ಶುರುವಾಗುವ ಮಕ್ಕಳಿಗೆ ಮೇ, ಜೂನ್ ಅಂದರೆ ನಾಟಿಯ ಸಮಯ. ಆಮೇಲೆ ಸ್ಲಾಟ್‌ಗೋಸ್ಕರ ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಏಳುವುದು, ಟೆಲಿಗ್ರಾಂ ಗುಂಪುಗಳಲ್ಲಿ "ಸ್ಲಾಟ್ ಓಪನ್" ಅಂತ ಕಂಡ ಕೂಡಲೇ ಓಡುವುದು. ಆ ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಬಂದಿಳಿದ ಭಾರತದ ವಿದ್ಯಾರ್ಥಿಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಶೇ 44ರಷ್ಟು ಬಿದ್ದಿತ್ತು.

ನಮ್ಮ ಹುಡುಗಿ ಇನ್‌ಸ್ಟಾಗ್ರಾಂನಲ್ಲಿ ಏನೂ ಹಾಕದೆ ಆರು ತಿಂಗಳಾಯಿತು. ಹಳೆಯ ಪೋಸ್ಟುಗಳನ್ನೆಲ್ಲ ಕೂತು ನೋಡಿದಳಂತೆ. ಆಗುಂಬೆ ಟ್ರಿಪ್ಪು, ನಾಯಿಮರಿ, ಒಂದು ಕಾಲೇಜು ಮುಷ್ಕರದ ಫೋಟೋ. ಮುಷ್ಕರದ್ದು ತೆಗೆಯಲಾ ಬೇಡವಾ ಅಂತ ಕೇಳಿದಳು. ಹಾಸ್ಟೆಲ್ ಊಟ ಸರಿಯಿಲ್ಲ ಅಂತ ಮಾಡಿದ ಮುಷ್ಕರ ಅದು. ಏನು ಹೇಳಬೇಕೋ ನನಗೂ ತೋಚಲಿಲ್ಲ.

ಕೊನೆಯ ಕೌಂಟರ್ ಕಣ್ಣಿಗೆ ಕಾಣದ್ದು, ಎರಡು ವರ್ಷ ದೂರದ್ದು. ಆದರೆ ಸಾಲದ ಲೆಕ್ಕವೆಲ್ಲ ನಿಂತಿರುವುದು ಅದರ ಮೇಲೆಯೇ. ಓದು ಮುಗಿದ ಮೇಲೆ ಒಪಿಟಿ ಅಂತ 12 ತಿಂಗಳು ಕೆಲಸ ಮಾಡಬಹುದು. ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ ಇನ್ನೂ 24 ತಿಂಗಳು. ಸಾಲ ತೀರಿಸುವ ಕಾಲ ಇದೇ. ಗಮನಿಸಬೇಕಾದ್ದು, ಒಪಿಟಿ ಇರುವುದು ಸರ್ಕಾರದ ನಿಯಮದಲ್ಲಿ, ಅಲ್ಲಿನ ಸಂಸತ್ತು ಮಾಡಿದ ಕಾನೂನಿನಲ್ಲಿ ಅಲ್ಲ. ನಿಯಮ ಬದಲಿಸುವುದು ಕಾನೂನು ಬದಲಿಸಿದಷ್ಟು ಕಷ್ಟವಲ್ಲ.

ಆಮೇಲೆ ಎಚ್-1ಬಿ ಎಂಬ ಕೆಲಸದ ವೀಸಾ. ವರ್ಷಕ್ಕೆ 65 ಸಾವಿರ, ಅಮೆರಿಕದಲ್ಲೇ ಮಾಸ್ಟರ್ಸ್ ಮಾಡಿದವರಿಗೆ ಮೇಲೆ 20 ಸಾವಿರ. 2026ರ ಸಾಲಿಗೆ ಅರ್ಹ ನೋಂದಣಿ ಸುಮಾರು 3.44 ಲಕ್ಷ, ಲಾಟರಿಯಲ್ಲಿ ಆಯ್ಕೆಯಾದದ್ದು 1.2 ಲಕ್ಷ. 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಘೋಷಿಸಿದ ಒಂದು ಲಕ್ಷ ಡಾಲರ್ ಶುಲ್ಕ ಕೇಳಿ ಇಲ್ಲಿ ಎಲ್ಲರ ಎದೆ ಧಸಕ್ಕೆಂದಿತು. ಅಕ್ಟೋಬರ್‌ನಲ್ಲಿ ಕೊಟ್ಟ ಸ್ಪಷ್ಟನೆಯ ಪ್ರಕಾರ, ಅಲ್ಲೇ ಓದಿ ಅಲ್ಲಿಂದಲೇ ಎಫ್-1 ಬಿಟ್ಟು ಎಚ್-1ಬಿಗೆ ಬದಲಾಗುವವರಿಗೆ ಆ ಶುಲ್ಕ ಇಲ್ಲ. ಆದ್ದರಿಂದ ವಿದ್ಯಾರ್ಥಿಗಳಿಗೆ ನಿಜವಾದ ಪೆಟ್ಟು ಅದಲ್ಲ, ಆಯ್ಕೆಯ ಹೊಸ ನಿಯಮ. 2026ರ ಫೆಬ್ರವರಿ 27ರಿಂದ ಲಾಟರಿ ಎಲ್ಲರಿಗೂ ಒಂದೇ ಅಲ್ಲ. ಸಂಬಳದ ಎಲ್ಲಕ್ಕಿಂತ ಮೇಲಿನ, ಅಂದರೆ ನಾಲ್ಕನೇ ಮಟ್ಟದಲ್ಲಿ ಇರುವವರ ಹೆಸರು ಡಬ್ಬಿಯಲ್ಲಿ ನಾಲ್ಕು ಸಲ ಬೀಳುತ್ತದೆ, ಮೊದಲ ಮಟ್ಟದವರದು ಒಂದೇ ಸಲ. ಆಗಷ್ಟೇ ಓದು ಮುಗಿಸಿದವರು ಹೆಚ್ಚಾಗಿ ಇರುವುದು ಆ ಕೆಳಗಿನ ಮಟ್ಟಗಳಲ್ಲೇ.

ಇಷ್ಟೆಲ್ಲ ಇದ್ದರೂ ಪತ್ರಿಕೆಗಳಲ್ಲಿ "ಅಮೆರಿಕದಲ್ಲಿ ಭಾರತದ ವಿದ್ಯಾರ್ಥಿಗಳ ದಾಖಲೆ" ಅನ್ನುವ ತಲೆಬರಹ ಬಂತಲ್ಲ? ನಿಜ, 2024-25ರಲ್ಲಿ 3,63,019 ಮಂದಿ, ಚೀನಾಕ್ಕಿಂತ ಬಹಳ ಮುಂದೆ. ಆ ಸಂಖ್ಯೆಯನ್ನು ಒಡೆದು ನೋಡಬೇಕು. ಅದರಲ್ಲಿ 1,43,740 ಮಂದಿ ಓದು ಮುಗಿಸಿ ಒಪಿಟಿಯಲ್ಲಿ ಕೆಲಸ ಮಾಡುತ್ತಿದ್ದವರು. ಮಾಸ್ಟರ್ಸ್, ಪಿಎಚ್.ಡಿ. ಕ್ಲಾಸಿನಲ್ಲಿ ಕೂತಿದ್ದ ನಮ್ಮವರು ಹಿಂದಿನ ವರ್ಷಕ್ಕಿಂತ ಶೇ 10ರ ಹತ್ತಿರ ಕಡಿಮೆ. ಮೇಲಿನ ಕೆರೆ ತುಂಬಿದಂತೆ ಕಾಣುತ್ತಿದೆ, ಒಳಹರಿವು ಇಳಿದಿದೆ. 2025ರ ಆಗಸ್ಟ್-ಸೆಪ್ಟೆಂಬರ್ ಪ್ರವೇಶದಲ್ಲಿ ಎಲ್ಲ ದೇಶಗಳ ಹೊಸ ವಿದ್ಯಾರ್ಥಿಗಳು ಸೇರಿ ಶೇ 17ರಷ್ಟು ಕಡಿಮೆಯಾದರು.

ಇದರಿಂದ ಅರ್ಜಿ ಹಾಕುವವರಿಗೆ ಒಂದು ವಿಚಿತ್ರ ಲಾಭವೂ ಇದೆ. ಯುನಿವರ್ಸಿಟಿಗಳಿಗೆ ಈಗ ಮಕ್ಕಳು ಬೇಕು. ವೀಸಾ ತಡವಾದರೆ ಸೀಟನ್ನು ಮುಂದಿನ ಸೆಮಿಸ್ಟರ್‌ಗೆ ಮುಂದೂಡಲು ಎಷ್ಟೋ ಕಡೆ ಸುಲಭವಾಗಿ ಒಪ್ಪುತ್ತಾರೆ. ಫೀಸಿನಲ್ಲಿ ರಿಯಾಯಿತಿ ಕೇಳಿ ಇಮೇಲ್ ಹಾಕಿದರೆ ಕೆಲವರು ಕೊಡುತ್ತಾರೆ. ನಮ್ಮವರಿಗೆ ಕೇಳಲು ಸಂಕೋಚ. ಕೆ.ಆರ್. ಮಾರ್ಕೆಟ್ಟಿನಲ್ಲಿ ಸೊಪ್ಪಿಗೆ ಚೌಕಾಸಿ ಮಾಡುವವರು 30 ಸಾವಿರ ಡಾಲರ್‌ಗೆ ಬಾಯಿ ಬಿಡುವುದಿಲ್ಲ.

ಅಕ್ಕನ ಮಗಳ ಹತ್ತಿರ ಈಗ ಎರಡು ಅಡ್ಮಿಟ್ ಇವೆ. ಒಂದು ದೊಡ್ಡ ಹೆಸರಿನದು, ಫೀಸು ದುಪ್ಪಟ್ಟು. ಇನ್ನೊಂದು ಯಾರೂ ಕೇಳಿರದ ಊರಿನ ಸರ್ಕಾರಿ ಯುನಿವರ್ಸಿಟಿ, ಬೆಳೆಗಳ ಮೇಲೆ ಕ್ಯಾಮೆರಾ ಕೆಲಸ ಮಾಡುವ ಲ್ಯಾಬ್ ಇದೆ, ಅಲ್ಲಿನ ಪ್ರೊಫೆಸರ್ ಒಬ್ಬರು ಶೆಡ್ಡಿನ ಬಲ್ಬಿನ ಬಗ್ಗೆ ಎರಡು ಪ್ರಶ್ನೆ ಕೇಳಿ ಇಮೇಲ್ ಬರೆದಿದ್ದಾರೆ. ನೆಂಟರೆಲ್ಲ ದೊಡ್ಡ ಹೆಸರಿನ ಕಡೆ. ಅವಳು ಆ ಇಮೇಲ್‌ಗೆ ಮೂರು ದಿನ ಕೂತು ಉತ್ತರ ಬರೆದಳು.

ಸೈಟಿನ ಇ-ಖಾತಾ ಇನ್ನೂ ಆಗಿಲ್ಲ. ಭಾವ ವಾರಕ್ಕೆರಡು ಸಲ ಬೆಳಿಗ್ಗೆ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ ಬರುತ್ತಾರೆ. ಮಗಳು ರಾತ್ರಿ ಎರಡು ಗಂಟೆಗೆ ಎದ್ದು ಸ್ಲಾಟ್ ನೋಡುತ್ತಾಳೆ. ಮೊನ್ನೆ ಅಮ್ಮ ನಿದ್ದೆಗಣ್ಣಿನಲ್ಲಿ ಎದ್ದು ಬಂದು, "ಇನ್ನೂ ಎಂತ ಪರೀಕ್ಷೆ ಉಂಟೇ ನಿಂಗೆ?" ಅಂದರಂತೆ.